ಕೊಜಾಕನ ಹೊಲದ ಅಡ್ಡದಾರಿ

ಲೂಬಾ ಹ್ರಿಂಕಿವ್ 661ನೇ ಹೆದ್ದಾರಿಯ ಹಿಮವನ್ನು ಎರಡನೇ ಸಲ ತಳ್ಳಿ ಮುಗಿಸಿದಾಗ ಮಧ್ಯಾಹ್ನ ಎರಡೂವರೆ. ರಸ್ತೆಯ ಮೇಲೆ ಕಾರು ಇರಲಿಲ್ಲ. ಪಕ್ಕದ ಚರಂಡಿಯಲ್ಲೂ ಇರಲಿಲ್ಲ. ಗಾಳಿ ನೆಲದ ಹಿಮವನ್ನೆಲ್ಲ ಎಬ್ಬಿಸಿ ಹಾರಿಸುತ್ತಿತ್ತು, ತನ್ನ ಲಾರಿಯ ಮುಂದಿನ ಹಿಮ ತಳ್ಳುವ ಅಲಗು ತನಗೇ ಕಾಣುತ್ತಿರಲಿಲ್ಲ. ಚಳಿ ಸೊನ್ನೆಯಿಂದ ಮೂವತ್ತನಾಲ್ಕು ಡಿಗ್ರಿ ಕೆಳಗೆ.

ರೊವೆನಾ ಫೋನು ಮಾಡಿ ಎರಡು ಗಂಟೆಯ ಮೇಲಾಗಿತ್ತು. ಅವಳು ಫಿಲಿಪ್ಪೀನ್ಸಿನಿಂದ ಬಂದ ನರ್ಸು, ಮನೆಮನೆಗೆ ಹೋಗಿ ಮುದುಕರಿಗೆ ಸೂಜಿ ಚುಚ್ಚುವವಳು. ಈ ಸೀಮೆಗೆ ಬಂದು ಇದು ಎರಡನೇ ಚಳಿಗಾಲ. ತಾನು 661ರಲ್ಲಿ ಇದ್ದೇನೆ, ತಿರುವಿನ ಹತ್ತಿರ ಕಾರು ಹೂತುಹೋಗಿದೆ, ಬಾಗಿಲು ತೆಗೆಯಲಾಗುತ್ತಿಲ್ಲ ಎಂದು ತುರ್ತು ಸಹಾಯದವರಿಗೆ ಹೇಳಿದ್ದಳು. ಅಷ್ಟರಲ್ಲಿ ಫೋನು ಸತ್ತುಹೋಯಿತು. ಪೊಲೀಸರು ಹೆದ್ದಾರಿ ಮುಚ್ಚಿ ಲೂಬಾಳನ್ನು ಹುಡುಕಲು ಕಳಿಸಿದರು.

ರೇಡಿಯೋದಲ್ಲಿ ಮೇಲ್ವಿಚಾರಕ ಗ್ಲೆನ್ ಟೇವ್ಸ್ ಗೊಣಗಿದ. ಹೊಸಬಳು, ನಂಬರು ತಪ್ಪು ಹೇಳಿರಬೇಕು, ದಕ್ಷಿಣಕ್ಕೆ ಹೋಗಿ ಇನ್ನೊಂದು ರಸ್ತೆ ನೋಡು ಎಂದ. ಲೂಬಾ ಲಾರಿಯನ್ನು ದಕ್ಷಿಣಕ್ಕೆ ತಿರುಗಿಸಲಿಲ್ಲ. ರೊವೆನಾ ನಂಬರು ತಪ್ಪು ಹೇಳಿರಲಿಲ್ಲ. ಅವಳಿಗೆ ರಸ್ತೆಯನ್ನೇ ತಪ್ಪು ಹೇಳಿಕೊಟ್ಟಿದ್ದರು. ಹೇಳಿಕೊಟ್ಟವಳು ಬೇರೆ ಯಾರೂ ಅಲ್ಲ, ಲೂಬಾಳೇ.

ಈ ಸಸ್ಕಾಚೆವಾನ್ ಪ್ರಾಂತ್ಯದ ರಸ್ತೆಗಳು ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ಉತ್ತರಕ್ಕೆ ಹೋಗುತ್ತವೆ. ಆದರೆ ಭೂಮಿ ಗುಂಡಗಿದೆಯಲ್ಲ, ಮೇಲೆ ಹೋದಂತೆ ಗೆರೆಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಅದನ್ನು ಸರಿಪಡಿಸಲು ಹಿಂದೆ ಅಳತೆಯವರು ಇಪ್ಪತ್ತನಾಲ್ಕು ಮೈಲಿಗೊಮ್ಮೆ ರಸ್ತೆಯನ್ನು ಪಶ್ಚಿಮಕ್ಕೆ ತಿರುಗಿಸಿ, ಅರ್ಧ ಮೈಲಿ ನಡೆಸಿ, ಮತ್ತೆ ಉತ್ತರಕ್ಕೆ ತಿರುಗಿಸಿದರು. ಅವರು ಲೆಕ್ಕ ಸರಿಮಾಡಿಕೊಂಡು ಮನೆಗೆ ಹೋದರು. ಆ ಎರಡು ತಿರುವುಗಳಲ್ಲಿ ಜಾರಿ ಬೀಳುವ ಯೋಗ ಊರವರ ಪಾಲಿಗೆ ಉಳಿಯಿತು.

ಊರವರೇನು ಕಮ್ಮಿಯೇ? ನೆಲ ಹೆಪ್ಪುಗಟ್ಟಿದ ಕೂಡಲೇ ಎರಡೂ ತಿರುವು ಬಿಟ್ಟು ರೈತ ಕೊಜಾಕನ ಗೋಧಿ ಹೊಲದಲ್ಲಿ ಮೂಲೆಯಿಂದ ಮೂಲೆಗೆ ಅಡ್ಡ ಹಾಯುತ್ತಾರೆ. ಕೊಜಾಕನ ಅಪ್ಪನ ಕಾಲದಿಂದಲೂ ಹೀಗೆಯೇ. ಅದನ್ನೂ 661 ಎಂದೇ ಕರೆಯುತ್ತಾರೆ. ನಕ್ಷೆಯಲ್ಲಿ ಮಾತ್ರ ಅದು ಇಲ್ಲ. ಹೋದ ನವೆಂಬರಿನಲ್ಲಿ ರೊವೆನಾ ತಿರುವಿನಲ್ಲಿ ಜಾರಿ ಅಳುತ್ತ ಕೂತಿದ್ದಾಗ, ಲೂಬಾ ಅವಳ ಕಾರನ್ನು ಎಳೆದು ಹಾಕಿ ಈ ದಾರಿ ತೋರಿಸಿದ್ದಳು. ಬೆನ್ನು ತಟ್ಟಿ ಕಳಿಸಿಯೂ ಇದ್ದಳು.

ಇಂಥ ಗಾಳಿಯಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡ ಎಂದು ಹೇಳಿರಲಿಲ್ಲ. ಇಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಹೇಳುವುದಿಲ್ಲ.

ಹೊಲದ ಬಾಯಿಗೆ ಬಂದು ಲೂಬಾ ಲಾರಿ ನಿಲ್ಲಿಸಿದಳು. ಒಳಗೆ ನುಗ್ಗಿಸಲೇ ಎಂದು ಒಂದು ಗಳಿಗೆ ಯೋಚಿಸಿದಳು. ಇಪ್ಪತ್ತು ಟನ್ನಿನ ಲಾರಿ. ಕಾರು ಹಿಮದಡಿ ಹೂತಿದ್ದರೆ ಹುಡುಕಲು ಬಂದವಳೇ ಅದರ ಮೇಲೆ ಹತ್ತಿಸಿಬಿಡುತ್ತಾಳೆ. ದೀಪಗಳನ್ನೆಲ್ಲ ಹೊತ್ತಿಸಿಟ್ಟು, ಕೈ ರೇಡಿಯೋ ಜೇಬಿಗೆ ಹಾಕಿ, ಸಲಿಕೆ ಹಿಡಿದು ಇಳಿದಳು. ಬಿರುಗಾಳಿಯಲ್ಲಿ ಗಾಡಿ ಬಿಟ್ಟು ಇಳಿಯಬಾರದು ಎಂದು ಮೂವತ್ತು ವರ್ಷದಿಂದ ಹೊಸಬರಿಗೆ ಪಾಠ ಹೇಳಿದವಳು ಅವಳೇ.

ಹತ್ತು ಹೆಜ್ಜೆಗೆ ಲಾರಿಯ ದೀಪ ಮಾಯವಾಯಿತು. ಕಣ್ಣಿಗೆ ಕೆಲಸವಿರಲಿಲ್ಲ. ಕಾಲನ್ನೇ ನಂಬಿದಳು. ಗಾಡಿಗಳು ತುಳಿದ ದಾರಿ ಬೂಟಿನಡಿ ಗಟ್ಟಿಯಾಗಿ ನುಣ್ಣಗಿರುತ್ತದೆ, ಅದರಾಚೆ ಕೊಯ್ದ ಗೋಧಿಯ ಕೂಳೆ ಕರಕರ ಮುರಿಯುತ್ತದೆ. ಕರಕರ ಎಂದಾಗಲೆಲ್ಲ ನಿಂತು, ಪಕ್ಕಕ್ಕೆ ಸರಿದು, ನುಣ್ಣನೆಯ ನೆಲ ಸಿಕ್ಕ ಮೇಲೆ ಮುಂದೆ ಹೋದಳು. ಇನ್ನೂರು ಹೆಜ್ಜೆ. ಮುನ್ನೂರು. ರೆಪ್ಪೆಗಳು ಅಂಟಿಕೊಂಡವು. ಕೂಗಿದರೆ ಕೂಗು ಬಾಯಿಗೇ ವಾಪಸು ಬರುತ್ತಿತ್ತು. ದೇವರೇ, ಅವಳು ಎಂಜಿನ್ ಆರಿಸಿರಲಿ ಎಂದು ಬೇಡಿಕೊಂಡಳು. ಹೊಗೆಕೊಳವೆ ಹಿಮದಲ್ಲಿ ಮುಚ್ಚಿದ್ದರೆ ವಿಷದ ಗಾಳಿ ಹತ್ತು ನಿಮಿಷದಲ್ಲಿ ಮಲಗಿಸುತ್ತದೆ.

ನಾನೂರು ದಾಟಿದ ಮೇಲೆ ನುಣ್ಣನೆಯ ನೆಲ ಸಿಗಲೇ ಇಲ್ಲ. ಎಡಕ್ಕೆ ಕೂಳೆ, ಬಲಕ್ಕೂ ಕೂಳೆ. ಲೂಬಾಳಿಗೆ ನಿಜವಾಗಿ ಹೆದರಿಕೆಯಾಯಿತು. ಹಿಂದಿರುಗಿ ನೋಡಿದಳು, ತನ್ನ ಹೆಜ್ಜೆಗಳೂ ಮುಚ್ಚಿಹೋಗಿದ್ದವು. ಮಂಡಿಯೂರಿ ಕೂತು, ಸಲಿಕೆಯಿಂದ ಸುತ್ತಲೂ ತಿವಿಯುತ್ತ ತೆವಳಿದಳು. ಸುಮಾರು ಹೊತ್ತಾದ ಮೇಲೆ ಸಲಿಕೆ ಠಣ್ ಎಂದಿತು.

ಕಾರಿನ ಚಾವಣಿ. ಕೈಯಲ್ಲೂ ಸಲಿಕೆಯಲ್ಲೂ ತೋಡಿ ಕಿಟಕಿ ಬಿಡಿಸಿದಳು. ಒಳಗೆ ಕಂಬಳಿಯ ಮುದ್ದೆಯೊಂದು ಕೂತಿತ್ತು, ಅಲುಗಲಿಲ್ಲ. ಲೂಬಾ ಗಾಜು ಒಡೆದು ತೋಳು ತೂರಿಸಿ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ಕಣ್ಣು ತೆರೆಯಿತು.

ಎಂಜಿನ್ ಆರಿತ್ತು. ರೊವೆನಾಳ ತುಟಿ ನೀಲಿಗಟ್ಟಿತ್ತು, ಬೆರಳುಗಳು ಮರದಂತಾಗಿದ್ದವು. ಲೂಬಾ ಕಿಟಕಿಯಿಂದಲೇ ಒಳಗೆ ಇಳಿದು, ತನ್ನ ಕೋಟು ಬಿಚ್ಚಿ ಅದನ್ನು ಇಬ್ಬರಿಗೂ ಸುತ್ತಿ ಅವಳನ್ನು ಅವಚಿಕೊಂಡಳು. ಕಿಟಕಿಯಿಂದ ಇಳಿದು ನಡೆಯಲು ಹೋಗಲಿಲ್ಲವಲ್ಲ, ಜಾಣೆ, ಎಂದು ಮತ್ತೆ ಮತ್ತೆ ಅಂದಳು.

ರೊವೆನಾ ತೊದಲುತ್ತ ಹೇಳಿದಳು. "ಇದೂ ರಸ್ತೇನೇ ಅಂತ ನೀವು ಹೇಳಿದ್ರಲ್ಲ, ಅಕ್ಕಾ. ರಸ್ತೆ ಅಂದ್ಮೇಲೆ ಹಿಮದ ಲಾರಿ ಬಂದೇ ಬರುತ್ತೆ ಅಂತ ಕಾಯ್ತಾ ಕೂತೆ."

ಬೈದಿದ್ದರೆ ಲೂಬಾ ತಡೆದುಕೊಳ್ಳುತ್ತಿದ್ದಳೇನೋ. ಆ ಲಾರಿ ಎರಡು ಸಲ ಐನೂರು ಹೆಜ್ಜೆ ಆಚೆಯಿಂದ ಹಾದುಹೋಗಿತ್ತು. ಅವಳಿಗೆ ದುಃಖ ಉಕ್ಕಿ ಬಂತು.

ರೇಡಿಯೋ ತೆಗೆದು, ಹುಡುಗಿ ಬದುಕಿದ್ದಾಳೆ, ಕೊಜಾಕನ ಹೊಲಕ್ಕೆ ಹಿಮದಲ್ಲಿ ಓಡುವ ಬಂಡಿ ಕಳಿಸಿ ಎಂದಳು. ಆ ಹೊಲದಲ್ಲಿ ಗ್ಲೆನ್ನೂ ಸಾವಿರ ಸಲ ಹಾದವನೇ.

"ಲೂಬಾ, ಗಾಡಿ ಬಿಟ್ಟು ಹೊಲ ಗಿಲ ಇಳಿದೆ ಅಂತ ಬರೆದ್ರೆ ನಾಳೆ ನಿನ್ನ ಕೆಲಸಕ್ಕೇ ಕುತ್ತು," ಎಂದ. "ಗಾಡಿ ಹೊಲಕ್ಕೇ ಕಳಿಸ್ತೀನಿ. ಕಾಗದದಲ್ಲಿ ಮಾತ್ರ 661ರಲ್ಲಿ ಸಿಕ್ಕಳು ಅಂತ ಹಾಕ್ತೀನಿ. ಯಾರು ಕೇಳ್ತಾರೆ?"

"ಹಾಕ್ಬೇಡ," ಎಂದಳು ಲೂಬಾ. "ಹಾಗೆ ಹಾಕಿದ್ರೆ ಮುಂದಿನವರನ್ನೂ ರಸ್ತೇಲೇ ಹುಡುಕ್ತೀವಿ. ಹೊಲದಲ್ಲಿ ಸಿಕ್ಕಳು ಅಂತ ಬರಿ. ದಾರಿ ಹೇಳಿಕೊಟ್ಟವಳು ನಾನು ಅಂತಾನೂ ಬರಿ."