ಕುಡಿಯದ ಅಪ್ಪನ ಏಟು

ಭಾಲ್ಕಿಯ ಯಾವ ಓಣಿಗೆ ಹೋದರೂ ಸಂಜೆ ಹೊತ್ತಿಗೆ ಒಂದು ಸದ್ದು ಕೇಳುತ್ತದೆ. ಮಗ್ಗಿ ತಪ್ಪಿದ್ದಕ್ಕೋ ಹಾಲು ಚೆಲ್ಲಿದ್ದಕ್ಕೋ ಮಕ್ಕಳ ಬೆನ್ನಿಗೆ ಧಪಧಪ ಏಟು ಬೀಳುವ ಸದ್ದು. ಪಕ್ಕದ ಮನೆಯವರು ಕೇಳಿಯೂ ಕೇಳದಂತೆ ರೊಟ್ಟಿ ಬಡಿಯುತ್ತಾರೆ. ಯಾರಾದರೂ ಕೇಳಿದರೆ, "ಅವರ ಮಕ್ಕಳು, ಅವರ ಮರ್ಜಿ" ಎನ್ನುತ್ತಾರೆ.

ಟೇಲರ್ ಸಂಜುಕುಮಾರನ ಮನೆಯಿಂದಲೂ ಆ ಸದ್ದು ಬರುತ್ತಿತ್ತು. ಆದರೆ ಅವನ ಕಡೆ ಯಾರೂ ಬೊಟ್ಟು ಮಾಡುತ್ತಿರಲಿಲ್ಲ. ಅವನು ಕುಡಿಯುವವನಲ್ಲ, ಸೇದುವವನಲ್ಲ. ಭಾನುವಾರ ಚರ್ಚಿನಲ್ಲಿ ಮೊದಲ ಸಾಲಿನಲ್ಲಿ ಕೂಡುವವನು. ಶುಕ್ರವಾರದ ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳುವವನು. ಸಾಕ್ಷಿ ಎಂದರೆ ದೇವರು ತನ್ನ ಬಾಳಿನಲ್ಲಿ ಏನು ಮಾಡಿದ ಎಂದು ಎಲ್ಲರೆದುರು ಎದ್ದು ನಿಂತು ಹೇಳುವುದು. ಸಂಜುಕುಮಾರನ ಸಾಕ್ಷಿ ಕೂಟದವರಿಗೆಲ್ಲ ಬಾಯಿಪಾಠವಾಗಿತ್ತು.

"ಔರಾದ ತಾಲೂಕಿನ ಚಿಂತಾಕಿ ನಮ್ಮೂರು. ನಮ್ಮಪ್ಪ ದಿನಾ ಕುಡುದು ಬರ್ತಿದ್ದ. ಬಾರಕೋಲಿಲೆ ನನಗ, ನಮ್ಮವ್ವಗ ಹೊಡೀತಿದ್ದ. ಹನ್ನೆರಡು ವರ್ಷಕ್ಕ ನಾ ಬೀದರಿಗೆ ಓಡಿ ಬಂದೆ. ಚರ್ಚಿನ ಹಾಸ್ಟೆಲದಾಗ ಅನ್ನ ಸಿಕ್ತು, ಹೊಲಿಗಿ ಕಲ್ತೆ, ಯೇಸುಸ್ವಾಮಿ ಸಿಕ್ಕರು. ನಮ್ಮಪ್ಪನ ಹಾದಿ ನಾ ತುಳೀಲಿಲ್ಲ."

"ಸ್ತೋತ್ರ!" ಎನ್ನುತ್ತಿದ್ದರು ಎಲ್ಲರೂ. ಅವನ ತಾಯಿ ಕಾಂತಾಬಾಯಿ ಮಾತ್ರ ನೆಲ ನೋಡುತ್ತಿದ್ದಳು. ಆ ಸಾಕ್ಷಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಕೊನೆಯ ಮಾತೊಂದನ್ನು ಬಿಟ್ಟು.

ಅವನ ಮಗಳು ಶೀತಲ ನಾಲ್ಕನೇ ತರಗತಿ. ಅವಳ ಲೆಕ್ಕ ತಪ್ಪಿದರೆ, ಎದುರು ಮಾತು ಬಂದರೆ, ಬಟ್ಟೆ ಅಳೆಯುವ ಗಜಕಡ್ಡಿ ಅವನ ಕೈಗೆ ಬರುತ್ತಿತ್ತು. ಕಡ್ಡಿ ದೂರವಿದ್ದರೆ ಕಪಾಳಕ್ಕೇ ಕೈ. ಹೊಡೆದಾದ ಮೇಲೆ ಮಗುವನ್ನು ಮೊಣಕಾಲೂರಿಸಿ, "ದೇವರ ಹತ್ರ ಮಾಫಿ ಕೇಳು" ಎಂದು ಪ್ರಾರ್ಥನೆ ಮಾಡಿಸುತ್ತಿದ್ದ. ಹೆಂಡತಿ ಎಸ್ತರಮ್ಮ ಅಡ್ಡ ಬಂದರೆ, "ನಾ ನಮ್ಮಪ್ಪನಂಗ ಕುಡಿಯಂಗಿಲ್ಲ ಅಂತ ಖುಷಿ ಪಡು" ಎನ್ನುತ್ತಿದ್ದ. ತಾನು ಹೊಡೆಯುತ್ತಿಲ್ಲ, ತಿದ್ದುತ್ತಿದ್ದೇನೆ ಎಂದೇ ಅವನ ಲೆಕ್ಕ. ದೇವರನ್ನು ನಂಬಿದ ಮನುಷ್ಯ, ಪಾಪ, ತನ್ನನ್ನು ತಾನು ಸ್ವಲ್ಪ ಹೆಚ್ಚೇ ನಂಬಿಬಿಟ್ಟಿದ್ದ.

ಜೂನ್ ತಿಂಗಳಲ್ಲಿ ಆಶಾ ಕಾರ್ಯಕರ್ತೆ ಫರ್ಹೀನ ಅವನ ಅಂಗಡಿಗೆ ಬಂದಳು.

"ಭೈಯ್ಯಾ, ಶೀತಲಗ ಎಡಗಡಿಂದ ಕರದ್ರ ಕೇಳವಲ್ದು. ಕಿವಿಂದ ಕೀವು ಬರ್ಲಿಕತ್ತದ. ಏನಾಗ್ಯದ್ರಿ?"

"ತಿಂಗಳ ಹಿಂದ ಬಿದ್ದಿದ್ಳು."

"ಖರೇ ಹೇಳ್ರಿ. ಕಪಾಳಕ್ಕ ಹೊಡದೀರೇನು?"

ಸಂಜುಕುಮಾರ ಹೊಲಿಗೆ ಮಷೀನಿನಿಂದ ಕಾಲು ತೆಗೆದ. "ಎರಡೇಟು ಹೊಡೀಲಿಲ್ಲಂದ್ರ ಮಕ್ಕಳು ಹ್ಯಾಂಗ ಸುಧಾರಸ್ತಾವ್ರಿ? ನಾ ಏನು ಕುಡುದು ಹೊಡೀತೇನೇನು? ನಮ್ಮಪ್ಪನ ಏಟು ನೀವು ನೋಡಿಲ್ಲ."

"ನಿಮ್ಮಪ್ಪಗ ನಾ ನೋಡಿಲ್ರಿ. ಈ ಕೂಸಿಗಿ ನೋಡ್ಲಿಕತ್ತೀನಿ. ಹೊಡದ್ರ ಮಕ್ಕಳು ತಪ್ಪು ಬಿಡಂಗಿಲ್ರಿ, ತಪ್ಪು ಮುಚ್ಚಿಡೂದು ಕಲೀತಾವ. ಕಪಾಳಕ್ಕ ಏಟು ಬಿದ್ರ ಕಿವಿ ಪರದಿ ಹರೀತದ. ಏಟು ತಿಂದು ಬೆಳದವರ ಕೈ ತನ್ನಷ್ಟಕ್ಕ ತಾನೇ ಏಳ್ತದ ಭೈಯ್ಯಾ, ಅದಕ್ಕ ಶೆರೆ ಬೇಕಂತಿಲ್ಲ. ಆ ಆದತ್ ಬಿಡ್ಸಲಿಕ್ಕಿ ಸಲಹಾ ಕೊಡೋ ಮಂದಿ ದವಾಖಾನಿದಾಗ ಇದ್ದಾರ. ಮದ್ಲ ಕೂಸಿಗಿ ಬೀದರಿಗಿ ಕರ್ಕೊಂಡು ಹೋಗ್ರಿ."

"ನೋಡೂಣು," ಎಂದ. ಶಾಲೆಯ ಸಮವಸ್ತ್ರ ಹೊಲಿಯುವ ಹಂಗಾಮು, ಕೈತುಂಬ ಕೆಲಸ. ನೋಡೋಣ ನೋಡೋಣ ಎನ್ನುತ್ತ ಮೂರು ವಾರ ಕಳೆದ. ಆ ಮೂರು ವಾರ ನೆನಪಾದರೆ ಇವತ್ತಿಗೂ ಅವನಿಗೆ ಊಟ ಸೇರುವುದಿಲ್ಲ.

ಒಂದು ಶನಿವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನಿಗೆ ಹಿತ್ತಲಲ್ಲಿ ಮಕ್ಕಳ ದನಿ ಕೇಳಿಸಿತು. ಓಣಿಯ ಹುಡುಗಿಯರು ಪ್ರಾರ್ಥನಾ ಕೂಟದ ಆಟ ಹೂಡಿದ್ದರು. ಶೀತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು ಥೇಟ್ ಅಪ್ಪನ ಧಾಟಿಯಲ್ಲೇ ಸಾಕ್ಷಿ ಹೇಳುತ್ತಿದ್ದಳು. ಅವನಿಗೆ ನಗು ಬಂತು. ಬಾಗಿಲ ಮರೆಯಲ್ಲಿ ನಿಂತು ಕೇಳಿದ.

"ಭಾಲ್ಕಿ ನಮ್ಮೂರು. ನಮ್ಮಪ್ಪ ಕುಡೀತಿದ್ದಿಲ್ಲ. ಗಜಕಡ್ಡಿಲೆ ನನಗ ಹೊಡೀತಿದ್ದ. ಕಿವಿ ಮ್ಯಾಲ ಹೊಡೀತಿದ್ದ. ಹನ್ನೆರಡು ವರ್ಷಕ್ಕ ನಾ ಬೀದರಿಗೆ ಓಡಿ ಬಂದೆ. ಹಾಸ್ಟೆಲದಾಗ ಅನ್ನ ಸಿಕ್ತು..."

"ಸ್ತೋತ್ರ!" ಎಂದು ಹುಡುಗಿಯರು ಚಪ್ಪಾಳೆ ತಟ್ಟಿದರು. ಒಬ್ಬಳು ಮಾತ್ರ ತಕರಾರು ತೆಗೆದಳು. "ಸುಳ್ಳ! ನಿನಗಿನ್ನೂ ಒಂಬತ್ತೇ ವರ್ಷ."

"ಹೌದು, ಇನ್ನ ಮೂರು ವರ್ಷ ಅದ," ಎಂದಳು ಶೀತಲ.

ಸಂಜುಕುಮಾರ ಒಳಗೆ ಬಂದು ಗೋಡೆಗೆ ಒರಗಿ ಕುಳಿತ. ಕಾಂತಾಬಾಯಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು.

"ಅವ್ವಾ, ಕೇಳಿದೇನು?"

"ಭಾಳ ದಿನದಿಂದ ಕೇಳ್ಲಿಕತ್ತೀನಿ."

"ಮತ್ಯಾಕ ನನಗ ಹೇಳ್ಲಿಲ್ಲ?"

"ನಿಮ್ಮಪ್ಪಗೂ ನಾ ಏನೂ ಅನ್ಲಿಲ್ಲಪ್ಪಾ. ಅದೇ ನಂದು ಗಲತಿ. ಅವ ನಿಶಾದಾಗ ಹೊಡೀತಿದ್ದ, ನೀ ಎಚ್ಚರಿದ್ದು ಹೊಡೀತಿ. ಕೂಸಿಗಿ ಅದರಾಗೇನು ಫರಕ?"

ಸೋಮವಾರ ಗಂಡ ಹೆಂಡತಿ ಮಗಳನ್ನು ಬೀದರಿಗೆ ಕರೆದೊಯ್ದರು. ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. "ಪರದಿ ಹರದು ಭಾಳ ದಿನ ಆಗ್ಯದ, ಒಳಗ ಕೀವು ತುಂಬ್ಯದ. ಔಷಧ ಕೊಡ್ತೇನಿ, ಮುಂದ ಆಪರೇಷನ್ ಮಾಡಿ ನೋಡೂಣು. ಆದ್ರ ಮದ್ಲಿನಷ್ಟು ಕೇಳ್ತದ ಅಂತ ಹೇಳ್ಲಿಕ್ಕಾಗಲ್ಲ. ಆವಾಗ್ಲೇ ತಂದಿದ್ರ ಛಲೋ ಇತ್ತು."

ಮನೆಗೆ ಬಂದ ಮೇಲೆ ಸಂಜುಕುಮಾರ ಮಗಳನ್ನು ಹತ್ತಿರ ಕರೆದ. ಅವನು ಇನ್ನೂ ಬಾಯಿ ತೆರೆದಿರಲಿಲ್ಲ. ಮಗು ತಾನಾಗಿ ಮೊಣಕಾಲೂರಿ, ಕಣ್ಣು ಮುಚ್ಚಿ, "ದೇವಾ, ನನಗ ಮಾಫ ಮಾಡು" ಎಂದು ಶುರು ಮಾಡಿತು. ತನ್ನ ತಪ್ಪೇನು ಎಂದೂ ಕೇಳಲಿಲ್ಲ.

ಅವನೂ ಮೊಣಕಾಲೂರಿ ಅವಳ ಬಲಗಿವಿಯ ಹತ್ತಿರ ಹೇಳಿದ. "ನೀ ಕೇಳಬ್ಯಾಡವ್ವಾ. ಗಲತಿ ನಂದು. ನೀ ನನಗ ಮಾಫ ಮಾಡು. ಇನ್ನ ನಿನ್ನ ಮ್ಯಾಲ ಕೈ ಎತ್ತಂಗಿಲ್ಲ."

ಮಗು ಒಂದು ಕಣ್ಣು ತೆರೆದು ನೋಡಿತು. ನಂಬಲಿಲ್ಲ. ನಂಬಲು ಅದಕ್ಕೆ ಕಾರಣವಾದರೂ ಏನಿತ್ತು?

ಆ ಶುಕ್ರವಾರ ಅವನು ಕೂಟದಲ್ಲಿ ಮೊದಲ ಬಾರಿಗೆ ತನ್ನ ತಪ್ಪು ಹೇಳಿದ, ದವಾಖಾನೆಯ ಸಲಹೆಗಾರರನ್ನು ಕಾಣಲಿರುವುದನ್ನೂ ಹೇಳಿದ. ಕೂಟ ಮುಗಿದ ಮೇಲೆ ಇಬ್ಬರು ಅಪ್ಪಂದಿರು ಬಾಗಿಲ ಹೊರಗೆ ನಿಂತು, "ಆ ಸಲಹಾ ಕೊಡೋರು ಎಲ್ಲಿ ಸಿಗ್ತಾರ?" ಎಂದು ಮೆಲ್ಲಗೆ ಕೇಳಿದರು.

ಈಗ ಎಂಟು ತಿಂಗಳಾಯಿತು. ಫರ್ಹೀನ ಹೇಳಿದ ಸಲಹೆಗಾರರ ಹತ್ತಿರ ಅವನು ತಿಂಗಳಿಗೊಮ್ಮೆ ಹೋಗುತ್ತಾನೆ. ಸಿಟ್ಟು ಬಂದರೆ ಹೊರಗೆ ಹೋಗಿ ಮುಖ ತೊಳೆದು ಬರುತ್ತಾನೆ. ಒಮ್ಮೆಯೂ ಕೈ ಎತ್ತಿಲ್ಲ. ಶೀತಲ ತಪ್ಪಿದ ಲೆಕ್ಕವನ್ನು ತಾನೇ ತಂದು ತೋರಿಸುತ್ತಾಳೆ. ಆದರೆ ಅವನು ಗೂಟದ ಮೇಲಿನ ಅಂಗಿಗೆ ಕೈ ಚಾಚಿದರೂ ಅವಳ ತಲೆ ತಟ್ಟನೆ ತಗ್ಗುತ್ತದೆ. ಎಡಗಿವಿ ಇನ್ನೂ ಸರಿಯಾಗಿ ಕೇಳುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಏಟು ತಿಂದು ಬೆಳೆದದ್ದು ನಿಮ್ಮ ತಪ್ಪಲ್ಲ. ಆ ಏಟನ್ನು ಮಕ್ಕಳಿಗೆ ದಾಟಿಸಬೇಡಿ. ದೇವರನ್ನು ಬೇಡಿಕೊಳ್ಳಿ, ಜೊತೆಗೆ ಬಲ್ಲವರ ಸಹಾಯವನ್ನೂ ಕೇಳಿ, ಅದರಲ್ಲಿ ನಾಚಿಕೆಯಿಲ್ಲ. ಮಗುವಿನ ತಲೆಗೆ, ಕಿವಿಗೆ ಪೆಟ್ಟಾಗಿದ್ದರೆ ಅದೇ ದಿನ ದವಾಖಾನೆಗೆ ಹೋಗಿ. ಪಕ್ಕದ ಮನೆಯ ಮಗು ಕಷ್ಟದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮತ್ತು ನೀವೇ ಹೊಡೆದಿದ್ದರೆ, ಇವತ್ತೇ ಮಗುವಿನ ಮುಂದೆ ಕುಳಿತು "ನಂದು ತಪ್ಪಾಯ್ತು" ಎನ್ನಿ. ನಿಮ್ಮ ಮಾತನ್ನು ನಂಬುವಷ್ಟು ಪ್ರೀತಿ ಅದರಲ್ಲಿ ಇನ್ನೂ ಉಳಿದಿರುವಾಗಲೇ ಹೇಳಿ.