ಟಗರಿಗೆ ತೋಡಿದ ಗುಂಡಿ

ಹರವೆಯ ಜನರಿಗೆ ಡಾಕ್ಟರು ಎಂದರೆ ಸೂಜಿ ಚುಚ್ಚುವವರು. ಮೇಜರ್ ದೊರೆಸ್ವಾಮಿ ರಜೆಗೆ ಬಂದು ಕೆಲವು ದಿನಗಳಾದರೂ ಒಬ್ಬರಿಗೂ ಚುಚ್ಚಿರಲಿಲ್ಲ. ವೈರಿಗಳು ರೋಗದ ಹುಡಿ ಎರಚಿದರೆ ಸೈನಿಕರನ್ನು ಉಳಿಸುವುದು ಹೇಗೆ ಎಂದು ಸೈನ್ಯದ ಪ್ರಯೋಗಶಾಲೆಯಲ್ಲಿ ತಲೆ ಕೆಡಿಸಿಕೊಳ್ಳುವುದು ಅವನ ಕೆಲಸ. ಅದನ್ನು ಅವನ ಅವ್ವ ಚಿಕ್ಕನಿಂಗಮ್ಮ ಜಗಲಿಯಲ್ಲಿ ಕೂತು ಹೀಗೆ ವಿವರಿಸುತ್ತಿದ್ದಳು: "ಬರ್ದೆ ಇರೋ ಕಾಯ್ಲೆಗೆ ಔಸ್ದಿ ಉಡುಕ್ತನಂತೆ ಕಣಮ್ಮಿ. ಅದ್ಕೂ ಸಂಬಳ ಕೊಡ್ತರಂತೆ!"

ತೊಂಬತ್ತಾರರ ಮುಂಗಾರು ಶುರುವಾಗಿತ್ತು. ಬೆಳಗ್ಗೆ ಚೆನ್ನಾಗಿ ಮೇದಿದ್ದ ಪುಟ್ಟಮಾದುವಿನ ಟಗರು ಮಧ್ಯಾಹ್ನ ಹೊಲದ ಬದುವಿನಲ್ಲಿ ಕಾಲು ಚಾಚಿಬಿಟ್ಟಿತು. ಸತ್ತ ಟಗರನ್ನು ಕುಯ್ದು, ಮಾಂಸವನ್ನು ಪಾಲಿಗೊಂದು ಗುಡ್ಡೆ ಹಾಕಿ, ಕೇರಿಯವರೆಲ್ಲ ಹಂಚಿಕೊಳ್ಳುವುದು ವಾಡಿಕೆ. ಕುರಿ ಕುಯ್ಯುವ ರಾಜಣ್ಣ ಹಾಕಿದ ಗುಡ್ಡೆಗಳಲ್ಲಿ ಮಾತ್ರ ಹೆಚ್ಚು ಕಡಿಮೆ ಎಂಬ ಜಗಳವಿರುತ್ತಿರಲಿಲ್ಲ. ಅವನೋ ಚಾಮರಾಜನಗರಕ್ಕೆ ಹೋಗಿದ್ದ. ಸಂಜೆ ಬಸ್ಸಿಗೆ ಬರಬೇಕು. ಜನ ಕಾಯುತ್ತ ಕೂತಿದ್ದರು.

ಸುದ್ದಿ ಕೇಳಿ ಬಂದ ದೊರೆಸ್ವಾಮಿ ಟಗರಿನ ಮೂಗಿನಿಂದ ಇಳಿದಿದ್ದ ರಕ್ತ ನೋಡಿದ. ಕಪ್ಪಗಿತ್ತು, ಹೆಪ್ಪುಗಟ್ಟಿರಲಿಲ್ಲ.

"ಮುಟ್ಬ್ಯಾಡಿ ಕಣ್ರಲಾ! ಇದು ನೆರಡಿ ರೋಗ ಇದ್ದಂಗದೆ, ಇಂಗ್ಲೀಸ್ನಲ್ಲಿ ಆಂಥ್ರಾಕ್ಸ್ ಅಂತರೆ. ಕುಯ್ದೋನ್ ಕೈಲಿ ಉಣ್ಣಾಯ್ತದೆ, ತಿಂದೋರ್ಗೂ ಬತ್ತದೆ. ಜೀವ ತಗೀತದೆ."

"ಬೇಯ್ಸುದ್ರೆ ಎಲ್ಲಾ ಓಯ್ತದೆ ಬುಡ್ಲಾ ದೊರೆ," ಎಂದ ಪುಟ್ಟಮಾದು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು.

"ಇದ್ನೇ ಕಣ್ಲಾ ವೈರಿಗಳು ಬಾಂಬ್ನಲ್ಲಿ ತುಂಬಾಕೆ ನೋಡದು."

"ನನ್ ಟಗರ್ನ ಬಾಂಬ್ ಮಾಡ್ಬುಟ್ಯಲ್ಲೋ! ವೈರಿಗಳ್ಗೆ ಮೊದ್ಲು ಅರವೆಗ್ ಬರೋ ಬಸ್ ಸಿಕ್ಬೇಕಲ್ಲ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ದನದ ಡಾಕ್ಟರಿಂದ ಹೇಳಿಸೋಣವೆಂದರೆ ಅವರು ಗುಂಡ್ಲುಪೇಟೆ ಕಡೆ ಹೋಗಿದ್ದರು. ದೊರೆಸ್ವಾಮಿ ಮನೆಗೆ ಹೋಗಿ ಗುದ್ದಲಿ, ಒಂದು ಚೀಲ ಸುಣ್ಣ ತಂದ.

"ಇಲ್ಲೇ ನಿನ್ ಒಲ್ದಲ್ಲಿ ಒಂದು ಗುಂಡಿ ತೋಡ್ತಿನಿ."

"ತೋಡ್ಕೊ ಓಗು. ನೀರ್ ಬಂದ್ರೆ ಬಾವಿ ಮಾಡ್ಕತಿನಿ."

ದೊರೆಸ್ವಾಮಿ ತೋಡಿದ. ಎತ್ತಿ ಹಾಕಿದ ಮಣ್ಣು ಅರ್ಧ ತಿರುಗಿ ಗುಂಡಿಗೇ ಬೀಳುತ್ತಿತ್ತು. ಗುದ್ದಲಿ ಒಮ್ಮೆ ಕಲ್ಲಿಗೆ ತಾಕಿದರೆ ಒಮ್ಮೆ ಅವನ ಬೂಟಿಗೇ ತಾಕುತ್ತಿತ್ತು. ಬಸ್ಸು ಕಾಯುತ್ತಿದ್ದವರಿಗೆ ಒಳ್ಳೆಯ ತಮಾಷೆ ಸಿಕ್ಕಿತು. ಆದರೆ ಒಕ್ಕಲು ಮಕ್ಕಳು ಇಂಥದ್ದನ್ನು ಎಷ್ಟು ಹೊತ್ತು ನೋಡಿಯಾರು?

"ಥೂ, ಪೆನ್ನು ಇಡ್ದಂಗೆ ಇಡ್ದವ್ನೆ! ತತ್ತಾ ಇಲ್ಲಿ," ಎಂದು ಪುಟ್ಟಮಾದು ಗುದ್ದಲಿ ಕಿತ್ತುಕೊಂಡ. ಹೇಗೆ ತೋಡಬೇಕೆಂದು ತೋರಿಸಲು ನಾಲ್ಕು ಏಟು ಹಾಕಿದ. ನಾಲ್ಕಕ್ಕೇ ನಿಲ್ಲಲಿಲ್ಲ. ಅವನದೂ ಸರಿಯಿಲ್ಲವೆಂದು ಇನ್ನೊಬ್ಬ ಇಳಿದ. ಅವನನ್ನು ಛೇಡಿಸಿ ಮತ್ತೊಬ್ಬ ಇಳಿದ. ದೊರೆಸ್ವಾಮಿ ದಡದಲ್ಲಿ ಕೂತು, "ಇನ್ನೊಂಚೂರು ಆಳ," ಎಂದಷ್ಟೇ ಅನ್ನುತ್ತಿದ್ದ. ಗುಂಡಿ ಆಳುದ್ದವಾಯಿತು.

ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿತು. ಸ್ವಲ್ಪ ಹೊತ್ತಿಗೆ ರಾಜಣ್ಣ ಕತ್ತಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಓಡೋಡಿ ಬಂದ.

"ನಡೀರ್ಲಾ, ಕುಯ್ಯಾಕೆ ಓಗನ," ಎಂದು ಪುಟ್ಟಮಾದು ಮೇಲೆ ಹತ್ತಿದ.

"ಎಲ್ಲಿಗ್ಲಾ?" ಎಂದಳು ಕೇರಿಗೆ ಹಿರಿಯಳಾದ ಮಂಚಮ್ಮ. "ಆಳುದ್ದ ಗುಣಿ ತೋಡ್ಬುಟ್ಟು ಬರೀದು ಬುಟ್ಟೋದಿರಾ?"

ಎಲ್ಲರೂ ನಿಂತುಬಿಟ್ಟರು. ಆಳುದ್ದದ ಗುಂಡಿಯನ್ನು ಬರಿದೇ ಬಿಟ್ಟರೆ ಅದು ಊರಿನಲ್ಲಿ ಯಾರನ್ನಾದರೂ ಕರೆಯುತ್ತದೆಂದು ಅಲ್ಲಿ ಎಲ್ಲರೂ ನಂಬಿದ್ದರು.

"ಮಣ್ಣು ಮುಚ್ಬುಡನ," ಎಂದ ಪುಟ್ಟಮಾದು, ಮೆತ್ತಗೆ.

"ಬರೀ ಮಣ್ಣು ತಿಂದು ಸುಮ್ಕಾದದಾ? ಜೀವ ಇದ್ದಿದ್ದು ಏನಾರ ಕೊಡ್ಬೇಕು. ಒಲ ನಿಂದೇ ಕಣಪ್ಪ, ಮೊದ್ಲು ನಿನ್ನೇ ಕೇಳದು."

ಪುಟ್ಟಮಾದು ಗುಂಡಿ ನೋಡಿದ, ಟಗರು ನೋಡಿದ. ಕೊನೆಗೆ ದೊರೆಸ್ವಾಮಿಯ ಮುಖ ನೋಡಿದ.

"ಇದೆಲ್ಲಾ ನಿಂಗ್ ಗೊತ್ತಿತ್ತೇನ್ಲಾ?"

"ನಾನು ಪೆನ್ನು ಇಡ್ಯೋನು ಕಣ್ಲಾ. ನಂಗೇನ್ ಗೊತ್ತು?" ಎನ್ನುತ್ತ ದೊರೆಸ್ವಾಮಿ ಸುಣ್ಣದ ಚೀಲ ಬಿಚ್ಚಿದ.

ಮೂಗಿಗೆ ಟವೆಲು ಕಟ್ಟಿ, ಕೈಗೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಯಾರನ್ನೂ ಹತ್ತಿರ ಬಿಡದೆ ಅವನೊಬ್ಬನೇ ಟಗರನ್ನು ಕೋಲಿನಿಂದ ಉರುಳಿಸಿ ಗುಂಡಿಗೆ ಕೆಡವಿದ. ರಕ್ತ ಬಿದ್ದ ಮಣ್ಣನ್ನೂ ಕೆರೆದು ಹಾಕಿ ಸುಣ್ಣ ಸುರಿದ. ರಾಜಣ್ಣ ಕತ್ತಿಯನ್ನು ಮತ್ತೆ ಟವೆಲಿನಲ್ಲಿ ಸುತ್ತಿದ.

ರಜೆ ಮುಗಿದ ದಿನ ಪುಟ್ಟಮಾದು ಬಸ್ಸಿನವರೆಗೆ ಪೆಟ್ಟಿಗೆ ಹೊತ್ತು ತಂದ. ಸಿಟ್ಟಿಗೆ ಮುಖ ಊದಿಸಿಕೊಂಡಿದ್ದ.

"ನೋಡ್ಲಾ, ಒಬ್ರಿಗಾದ್ರೂ ಜ್ವರ ಬಂತಾ? ಸುಮ್ಸುಮ್ನೆ ಟಗರು ಮಣ್ ಪಾಲಾಯ್ತು."

"ರಾಜಣ್ಣನ ಕೈ ಎಂಗದೆ?"

"ಅವನ್ಗೇನಾಗದೆ! ನೆನ್ನೆ ಅರದನಳ್ಳಿಲಿ ಬೀಗರೂಟಕ್ಕೆ ಕುರಿ ಕುಯ್ದು ಬಂದ."

ದೊರೆಸ್ವಾಮಿಯ ಮುಖ ಇಷ್ಟಗಲವಾಯಿತು.

"ಅಲ್ ಯಾಕ್ಲಾ ಕಿಸೀತಿಯೆ? ಟಗರು ಓಗಿದ್ದು ನಂದು!"

"ಮುಂದ್ಲ ಸಲ ಒಂದ್ ಮರಿ ತಂದ್ಕೊಡ್ತಿನಿ ಬುಡು. ಸೂಜಿ ಚುಚ್ಚೇ ತತ್ತಿನಿ."

ಬಸ್ಸು ಹೊರಟಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡ ಚಿಕ್ಕನಿಂಗಮ್ಮ ಮಂಚಮ್ಮನ ಕಡೆ ತಿರುಗಿ, "ಕೇಳುಸ್ತಾ? ಸದ್ಯ, ಕುರಿಗಾದ್ರೂ ಚುಚ್ತಿನಿ ಅಂದ್ನಲ್ಲ," ಎಂದಳು.