ಮೇಣದ ಹಲ್ಲು

ನನ್ನ ಕೆಲಸ ಹಲ್ಲು ಕಟ್ಟುವುದು. ಮುಂದಿನ ಕೋಣೆಯಲ್ಲಿ ಡಾಕ್ಟರು ಕೀಳುತ್ತಾರೆ, ಹಿಂದಿನ ಕೋಣೆಯಲ್ಲಿ ಕೂತು ನಾನು ಅದರ ಜಾಗಕ್ಕೆ ಹೊಸದು ಮಾಡಿಕೊಡುತ್ತೇನೆ. ಕೋಣೆ ಅಂದರೆ ದೊಡ್ಡದೇನಲ್ಲ. ಒಂದು ಸ್ಪಿರಿಟ್ ದೀಪ, ಮೇಣ ಕೆರೆಯುವ ಚಾಕು, ಎರಡು ಕುರ್ಚಿ, ಗೋಡೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳು. ಮೊದಲ ಸಲ ಬಂದವರು ಆ ದವಡೆಗಳ ಸಾಲು ನೋಡಿ ಮಾತು ನಿಲ್ಲಿಸುತ್ತಾರೆ. ನನಗೂ ಅದೇ ಬೇಕು. ಹರಟೆ ಹೊಡೆಯುವವರನ್ನು ಕಂಡರೆ ನನಗಾಗದು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಹುಡುಕಿಕೊಂಡು ಹೋಗಬೇಕಾಗಿಲ್ಲ.

ಆದರೂ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಹಲ್ಲಿನ ಸೆಟ್ಟು ಗಟ್ಟಿ ಮಾಡುವ ಮುಂಚೆ ಹಲ್ಲುಗಳನ್ನು ಮೇಣದ ಮೇಲೆ ಜೋಡಿಸಿ ಬಾಯಿಗೆ ಹಾಕಿ ನೋಡಬೇಕು. ಆಗ, ಯಾವ ಮಾತಿಗೆ ಅವರಿಗೆ ಹಲ್ಲು ಬೇಕೋ ಆ ಮಾತನ್ನೇ ಆಡಿಸುತ್ತೇನೆ. ಮೇಷ್ಟ್ರಾದರೆ ಪಾಠ, ಕಂಡಕ್ಟರಾದರೆ ನಿಲ್ದಾಣಗಳ ಹೆಸರು, ಕೆಲವು ಅಜ್ಜಿಯರಾದರೆ ಸೊಸೆಗೆ ಬೈಯುವ ಬೈಗುಳ. ಗಾಳಿ ಎಲ್ಲಿ ಸೋರುತ್ತದೆ ಎಂದು ಕೇಳಿಸಿಕೊಂಡು ಆ ಹಲ್ಲನ್ನು ಸರಿಸುತ್ತೇನೆ. ಹಲ್ಲಿಲ್ಲದವರ ಮಾತು ನನಗೆ ತಿಳಿದಷ್ಟು ಅವರ ಹೆಂಡತಿ ಮಕ್ಕಳಿಗೂ ತಿಳಿಯುವುದಿಲ್ಲ.

ಆ ಕುರ್ಚಿಗೆ ಒಂದು ಬೆಳಿಗ್ಗೆ ಚಿಕ್ಕಪ್ಪ ಬಂದು ಕೂತರು.

ಚಿಕ್ಕಪ್ಪ ಅಂದರೆ ಅಪ್ಪನ ಸ್ವಂತ ತಮ್ಮ. ಅಪ್ಪ ಹಾಸಿಗೆ ಹಿಡಿದಾಗ ಇವರು ಕಂಠಪೂರ್ತಿ ಕುಡಿದು ನೋಡಲು ಬಂದಿದ್ದರು. ಅಮ್ಮ ಒಳಗೆ ಬಿಡಲಿಲ್ಲ. ಆ ರಾತ್ರಿಯೇ ಅಪ್ಪ ಹೋದರು. ಅಣ್ಣನ ಮುಖ ನೋಡಲಾಗಲಿಲ್ಲ ಎಂಬ ಸಿಟ್ಟನ್ನು ಚಿಕ್ಕಪ್ಪ ತೀರಿಸಿಕೊಂಡದ್ದು ಹೀಗೆ: ಅಮ್ಮ ಬೇಕೆಂದೇ ಔಷಧಿ ಕೊಡದೆ ಅಪ್ಪನನ್ನು ಕೊಂದಳು ಎಂದು ಚರ್ಚಿನ ಅಂಗಳದಲ್ಲಿ ನಿಂತು ಹೇಳಿದರು. ಒಬ್ಬರಿಗಲ್ಲ, ಕೇಳುವ ಕಿವಿ ಇದ್ದವರಿಗೆಲ್ಲ.

ಅಲ್ಲಿಯವರೆಗೆ ಪ್ರತಿ ಭಾನುವಾರ ಮುಂದೆ ನಿಂತು ದೇವರ ವಾಕ್ಯ ಓದುತ್ತಿದ್ದವಳು ಅಮ್ಮ. ಎಂಥ ದನಿ ಅವಳದು! ಯಾರೂ ಅವಳನ್ನು ಏನೂ ಕೇಳಲಿಲ್ಲ. ಮುಂದಿನ ವಾರದಿಂದ ಬೇರೊಬ್ಬರು ಓದಿದರು, ಅಷ್ಟೇ. ಅಮ್ಮ ಕೊನೆಯ ಬೆಂಚಿಗೆ ಹೋಗಿ ಕೂತಳು. ಇಪ್ಪತ್ತು ವರ್ಷ ಅಲ್ಲೇ ಕೂತಿದ್ದಾಳೆ.

ಈಗ ಚಿಕ್ಕಪ್ಪನ ಆ ಬಾಯಲ್ಲಿ ಒಂದೂ ಹಲ್ಲಿಲ್ಲ. ನೋಡಿ ನನಗೆ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ.

"ಕುಡಿಯೋದು ಬಿಟ್ಟು ಬಹಳ ದಿನ ಆಯ್ತು ಮಗಳೇ," ಅಂದರು. ಅರ್ಧ ಮಾತು ಗಾಳಿಯಾಗಿ ಹೋಯಿತು. "ಈ ಭಾನುವಾರ ಎಲ್ಲರ ಮುಂದೆ ನಿಂತು, ನಾನಂದಿದ್ದು ಸುಳ್ಳು ಅಂತ ಹೇಳ್ತೀನಿ. ಪಾದ್ರಿಗಳು ಒಪ್ಪಿದಾರೆ. ಆದ್ರೆ ನನ್ನ ಮಾತು ಯಾರಿಗೂ ತಿಳಿಯಲ್ಲ. ಸುಳ್ಳು ಹೇಳುವಾಗ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತ್ತಲ್ಲ. ಇದೂ ಹಾಗೇ ಕೇಳಿಸಬೇಕು."

ಎದ್ದು ಹೋಗಿ ಅನ್ನುವುದು ನಾಲಿಗೆಯ ತುದಿಗೆ ಬಂತು. ಆದರೆ ಅಮ್ಮನ ಹೆಸರು ತೊಳೆಯಬಲ್ಲ ಬಾಯಿ ಲೋಕದಲ್ಲಿ ಅದೊಂದೇ ಇತ್ತು. ಹಲ್ಲು ಕಚ್ಚಿಕೊಂಡು ಅಳತೆ ತೆಗೆದೆ. ಹಲ್ಲುಗಳನ್ನು ಮಾತ್ರ ಕೆಳಗಿನ ಡ್ರಾಯರಿನಿಂದ ಆರಿಸಿದೆ. ಯಾರಿಗೂ ಬೇಡವಾಗಿ ಉಳಿದವು, ಕುದುರೆಗೆ ಕೂರಿಸಿದರೆ ಕುದುರೆಯೂ ನಾಚಬೇಕು, ಅಷ್ಟು ದೊಡ್ಡವು, ಮೇಲಾಗಿ ಹಳದಿ. ತಪ್ಪೊಪ್ಪಿಗೆ ಆಗಲಿ, ಆದರೆ ಅಂದವಾಗಿ ಆಗಬೇಕಾಗಿಲ್ಲ ಎಂದು ನನ್ನ ಲೆಕ್ಕ.

ಅಮ್ಮನಿಗೆ ಇದಾವುದನ್ನೂ ಹೇಳಲಿಲ್ಲ. ಅವಳು ದಿನಾ ಮಧ್ಯಾಹ್ನ ನನಗೆ ಊಟದ ಡಬ್ಬಿ, ಟೀ ಫ್ಲಾಸ್ಕು ತರುತ್ತಾಳೆ. ಅದಕ್ಕೇ ಚಿಕ್ಕಪ್ಪನನ್ನು ಬೆಳಿಗ್ಗೆ ಬನ್ನಿ ಅಂದಿದ್ದೆ. ಮೇಣದ ಹಲ್ಲು ಹಾಕಿ ನೋಡುವ ದಿನವೇ ಡಾಕ್ಟರು ತಡಮಾಡಿದರು. ಸೆಟ್ಟು ಚಿಕ್ಕಪ್ಪನ ಬಾಯಿಗೆ ಕೂರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

"ಜೋರಾಗಿ ಕಚ್ಚಬೇಡಿ, ಬಿಸಿ ಏನೂ ಕುಡೀಬೇಡಿ, ಮೇಣ ಅದು," ಎಂದೆ. "ಈಗ ಭಾನುವಾರ ಹೇಳೋದನ್ನ ಹೇಳಿ."

ಅವರು ಎದ್ದು ನಿಂತು, ಗೋಡೆಯ ದವಡೆಗಳೇ ಸಭೆ ಅನ್ನುವಂತೆ ಕೈ ಮುಗಿದರು.

"ನನ್ನ ಅತ್ತಿಗೆ ಔಷಧಿ ಕೊಡಲಿಲ್ಲ ಅಂತ ನಾನು ಹೇಳಿದ್ದು ಸುಳ್ಳು. ಅವಳು ಮೂರು ಹೊತ್ತೂ ಕೈಯಾರೆ ಕೊಟ್ಟಿದ್ದಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ."

ಹಲ್ಲು ಚೆನ್ನಾಗಿಯೇ ಕೂತಿತ್ತು. ಒಂದು ಕಡೆ ಮಾತ್ರ ಸ್ವಲ್ಪ ಸೋರುತ್ತಿತ್ತು. ನಾನು ಬೆನ್ನು ತಿರುಗಿಸಿ ಚಾಕುವನ್ನು ದೀಪಕ್ಕೆ ಹಿಡಿದೆ. ಗೊತ್ತಿದ್ದೇ ಹೇಳಿದೆ ಅನ್ನುವ ಮಾತು ಮೈಯೆಲ್ಲ ಉರಿಸಿತ್ತು. ಇಷ್ಟು ದಿನ, ಕುಡಿತದ ಅಮಲಿನಲ್ಲಿ ನಂಬಿಕೊಂಡು ಹೇಳಿರಬಹುದು ಎಂಬ ಒಂದು ಸಣ್ಣ ಅನುಮಾನವಾದರೂ ಇತ್ತು.

"ಅತ್ತಿಗೆ," ಎಂದರು ಚಿಕ್ಕಪ್ಪ ಹಿಂದಿನಿಂದ. ದನಿ ಬದಲಾಗಿತ್ತು.

ತಿರುಗಿದರೆ ಬಾಗಿಲಲ್ಲಿ ಅಮ್ಮ. ಕೈಯಲ್ಲಿ ಡಬ್ಬಿ, ಫ್ಲಾಸ್ಕು. ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಚಿಕ್ಕಪ್ಪ ಅವಳ ಕಡೆ ತಿರುಗಿ ಮತ್ತೆ ಮೊದಲಿಂದ ಶುರು ಮಾಡಿದರು. "ಅತ್ತಿಗೆ, ನಾನು ಅವತ್ತು..."

"ಸಾಕು. ಕೂತ್ಕೋ ಚಿಕ್ಕೋನೇ," ಎಂದಳು ಅಮ್ಮ.

ಅವಳು ಈ ಮನೆಗೆ ಮದುವೆಯಾಗಿ ಬಂದಾಗ ಚಿಕ್ಕಪ್ಪ ಇನ್ನೂ ಶಾಲೆಗೆ ಹೋಗುತ್ತಿದ್ದರಂತೆ. ಆಗ ಹಾಗೆ ಕರೆಯುತ್ತಿದ್ದಳಂತೆ. ಆ ಹೆಸರು ಅವಳ ಬಾಯಲ್ಲಿ ನಾನು ಕೇಳಿ ಯಾವ ಕಾಲವಾಗಿತ್ತೋ.

"ಗಂಟಲು ಒಣಗಿದೆ ನಿಂಗೆ," ಎಂದು ಲೋಟಕ್ಕೆ ಟೀ ಬಗ್ಗಿಸಿ ಕೊಟ್ಟಳು. ಚಿಕ್ಕಪ್ಪ ಎರಡೂ ಕೈಯಲ್ಲಿ ಲೋಟ ಹಿಡಿದು, ಒಮ್ಮೆ ನನ್ನ ಕಡೆ ನೋಡಿ, ಗಟಗಟ ಕುಡಿದುಬಿಟ್ಟರು.

ನಾನು ಬೇಡ ಅನ್ನುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಮೇಣ ಮೆತ್ತಗಾಗಿ ಮುಂದಿನ ಹಲ್ಲುಗಳು ಒಂದೊಂದೇ ಟಣ್ ಟಣ್ ಅಂತ ಲೋಟಕ್ಕೆ ಬಿದ್ದವು. ಒಂದು ಮೀಸೆಯ ಮೇಲೆ ನಿಂತಿತು.

"ಬಿಸಿ ಕುಡೀಬೇಡಿ ಅಂತ ಬಡಕೊಂಡೆನಲ್ಲ! ಈಗಿನ್ನೂ ಹೇಳಿದೆ!"

"ಅತ್ತಿಗೆ ಕೊಟ್ಟಿದ್ದು," ಎಂದರು ಚಿಕ್ಕಪ್ಪ, ಮತ್ತೆ ಗಾಳಿ ಸೋರುವ ಬಾಯಲ್ಲಿ. ಕಣ್ಣಲ್ಲಿ ನೀರು. "ಹೇಗೆ ಬೇಡ ಅನ್ನಲಿ?"

ಅಮ್ಮ ಮೊದಲು ಲೋಟದೊಳಗೆ ಇಣುಕಿದಳು. ಆಮೇಲೆ ಅವಳಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಚಿಕ್ಕಪ್ಪ ಅಳುತ್ತಲೇ ನಕ್ಕರು. ನನ್ನ ಅಷ್ಟು ದಿನದ ಕೆಲಸ ಟೀಯಲ್ಲಿ ಮುಳುಗಿತ್ತು, ನಾನು ಮಾತ್ರ ನಗಲಿಲ್ಲ.

ಚಿಕ್ಕಪ್ಪ ಹೋದ ಮೇಲೆ ಅಮ್ಮನ ಮೇಲೆ ಹರಿಹಾಯ್ದೆ. "ಪೂರ್ತಿ ಹೇಳೋಕೂ ಬಿಡಲಿಲ್ವಲ್ಲಮ್ಮ ನೀನು! ಒಂದು ಮಾತು ಬೈಯಲಿಲ್ಲ. ಟೀ ಕೊಟ್ಟೆ!"

"ಬೈದಿಲ್ಲ ಅಂತ ಯಾರಂದ್ರು? ಅವನ ನಾಲಿಗೆಗೆ ಹುಳ ಬೀಳಲಿ ಅಂತ ದೇವರ ಹತ್ರ ಎಷ್ಟು ವರ್ಷ ಕೇಳಿದೀನಿ ಗೊತ್ತಾ? ಆ ಕೊನೇ ಬೆಂಚಲ್ಲಿ ಕೂತು ಬೇರೆ ಏನು ಮಾಡ್ತಿದ್ದೆ ಅಂದ್ಕೊಂಡೆ? ಕೇಳಿ ಕೇಳಿ ನನಗೇ ಸಾಕಾಯ್ತು. ಇಂಥ ಪ್ರಾರ್ಥನೆ ಹೇಳೋಳನ್ನೂ ಆ ದೇವರು ಹೊರಗೆ ಹಾಕಲಿಲ್ಲ."

"ಅವರಿಗೆ ಕ್ಷಮೆ ಪಡೆಯೋ ಯೋಗ್ಯತೆ ಇಲ್ಲ."

"ಇಲ್ಲ," ಎಂದಳು ಅಮ್ಮ ತಣ್ಣಗೆ. "ಯೋಗ್ಯತೆ ನೋಡಿ ಕೊಟ್ರೆ ಅದು ಕೂಲಿ. ಕ್ಷಮೆ ಅಂತ ಯಾಕೆ ಕರೀಬೇಕು? ಊಟ ಮಾಡು, ಆರಿಹೋಗುತ್ತೆ."

ಭಾನುವಾರಕ್ಕೆ ಹಲ್ಲು ಆಗುವಂತಿರಲಿಲ್ಲ. ಒಂದು ವಾರ ಮುಂದೆ ಹಾಕಿ ಎಂದು ಚಿಕ್ಕಪ್ಪನಿಗೆ ಹೇಳಿ ಕಳಿಸಿದೆ. ಇಷ್ಟು ವರ್ಷ ಮುಂದೆ ಹಾಕಿದ್ದೇ ಸಾಕು, ಬೋಡು ಬಾಯಲ್ಲೇ ಹೇಳುತ್ತೇನೆ ಎಂದು ಉತ್ತರ ಬಂತು. ನನಗೆ ಗಾಬರಿಯಾಯಿತು. ಯಾರಿಗೂ ತಿಳಿಯದೆ ಹೋದರೆ ಅಮ್ಮನ ಪಾಲಿಗೆ ಆ ಮಾತು ಆಡಿದ್ದೂ ಒಂದೇ, ಆಡದಿದ್ದದ್ದೂ ಒಂದೇ.

ಅಂದುಕೊಂಡ ಹಾಗೆಯೇ ಆಯಿತು. ಚಿಕ್ಕಪ್ಪ ಮುಂದೆ ನಿಂತು ಬಾಯಿ ತೆರೆದರು. ಮುಂದಿನ ಬೆಂಚಿನವರು ಕಿವಿ ಮುಂದೆ ಮಾಡಿದರು, ಹಿಂದಿನವರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಕಿಸಕ್ಕೆಂದರು. ಚಿಕ್ಕಪ್ಪ ಮತ್ತೆ ಅದನ್ನೇ ಜೋರಾಗಿ ಹೇಳಿದರು. ಜೋರು ಹೆಚ್ಚಿತು, ಅರ್ಥ ಹೆಚ್ಚಲಿಲ್ಲ.

ನನ್ನ ಪಕ್ಕದಿಂದ ಅಮ್ಮ ಎದ್ದಳು. ಕೊನೆಯ ಬೆಂಚಿನಿಂದ ಮುಂದಿನವರೆಗೆ ನಿಧಾನವಾಗಿ ನಡೆದು ಹೋಗಿ, ಹಿಂದೆ ವಾಕ್ಯ ಓದುತ್ತಿದ್ದ ಜಾಗದಲ್ಲಿ, ಮೈದುನನ ಪಕ್ಕ ನಿಂತಳು. "ಹೇಳು," ಎಂದಳು. ಅವರು ಹೇಳಿದರು. ನನ್ನ ಕೋಣೆಯ ಬಾಗಿಲಲ್ಲಿ ನಿಂತು ಅವಳು ಆಗಲೇ ಒಮ್ಮೆ ಕೇಳಿದ್ದ ಮಾತೇ ಅದು. ಅವಳು ಸಭೆಯ ಕಡೆ ತಿರುಗಿ, ಅದೇ ಹಳೆಯ ದನಿಯಲ್ಲಿ, ಒಂದೊಂದು ಅಕ್ಷರ ಬಿಡಿಸಿ ಹೇಳಿದಳು:

"ನನ್ನ ಅತ್ತಿಗೆ ಔಷಧಿ ಕೊಡಲಿಲ್ಲ ಅಂತ ನಾನು ಹೇಳಿದ್ದು ಸುಳ್ಳು."

ಕಿಸಕ್ಕೆಂದವರು ಸುಮ್ಮನಾದರು. ಅವರು ಒಂದು ಮಾತು, ಅವಳು ಒಂದು ಮಾತು. ತನ್ನ ಮೇಲೆ ಹೊರಿಸಿದ ಸುಳ್ಳನ್ನು ಹೊರಿಸಿದವನ ಬಾಯಾಗಿ ನಿಂತು ಅಮ್ಮನೇ ಇಳಿಸಿದಳು. ಗೊತ್ತಿದ್ದೇ ಹೇಳಿದೆ ಅನ್ನುವುದನ್ನೂ ಬಿಡಲಿಲ್ಲ. ಪಾದ್ರಿಗಳು ಕನ್ನಡಕ ತೆಗೆದು ಒರೆಸಿಕೊಂಡರು.

ಕೊನೆಗೆ ಚಿಕ್ಕಪ್ಪ ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಅಮ್ಮ ಅದನ್ನು ಹೇಳಲಿಲ್ಲ. ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಸಭೆಯ ಕಡೆ ತಿರುಗಿ, "ಅಷ್ಟೇ ಅವನು ಹೇಳಿದ್ದು," ಎಂದಳು. ಕೈ ಹಿಡಿದು ಕರೆದುಕೊಂಡು ಬಂದು ನಮ್ಮ ನಡುವೆ ಕೂರಿಸಿಕೊಂಡಳು.

ಅಷ್ಟೇ ಅಲ್ಲ ಎಂದು, ಅವರಿಬ್ಬರನ್ನು ಬಿಟ್ಟರೆ, ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಹಲ್ಲಿಲ್ಲದ ಬಾಯಿಯ ಮಾತು ನನಗೆ ತಿಳಿಯುತ್ತದೆ. "ಈ ಸಭೆಯಲ್ಲಿ ಕೂರೋ ಯೋಗ್ಯತೆ ನನಗಿಲ್ಲ" ಎಂದಿದ್ದರು ಅವರು. ಅಮ್ಮ ಅದೊಂದನ್ನು ತನ್ನಲ್ಲೇ ಇಟ್ಟುಕೊಂಡಳು. ಅಲ್ಲಿಯವರೆಗೆ ಬಿಗಿಹಿಡಿದಿದ್ದ ಅಳು ನನಗೆ ಆಗ ಬಂತು, ಚಿಕ್ಕಪ್ಪನ ಭುಜದ ಪಕ್ಕದಲ್ಲೇ ಕೂತು ಅತ್ತೆ.

ಸೋಮವಾರ ಕುದುರೆ ಹಲ್ಲುಗಳನ್ನು ಕೆಳಗಿನ ಡ್ರಾಯರಿಗೆ ಹಾಕಿ ಹೊಸ ಪೆಟ್ಟಿಗೆ ತೆರೆದೆ. ಇದ್ದುದರಲ್ಲಿ ಒಳ್ಳೆಯವನ್ನೇ ಆರಿಸಿ, ಅಪ್ಪನ ಹಳೆಯ ಫೋಟೋ ಪಕ್ಕದಲ್ಲಿಟ್ಟುಕೊಂಡು, ಅಪ್ಪನ ನಗುವಿನ ಅಂದಾಜಿಗೆ ಜೋಡಿಸಿದೆ. ಅಣ್ಣತಮ್ಮಂದಿರಲ್ಲವೇ.

ಈ ಸಲ ಮಧ್ಯಾಹ್ನವೇ ಬನ್ನಿ ಎಂದಿದ್ದೆ. ಬಂದರು. ಅಮ್ಮ ಆಗಲೇ ಎದುರಿನ ಕುರ್ಚಿಯಲ್ಲಿ ಫ್ಲಾಸ್ಕು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಟ್ಟಿ ಸೆಟ್ಟನ್ನು ಬಾಯಿಗೆ ಕೂರಿಸಿ, "ಹ್ಞೂಂ, ಏನು ಮಾತು ಬೇಕೋ ಆಡಿ ಚಿಕ್ಕಪ್ಪ," ಎಂದೆ.

ಅವರು ನಾಲಿಗೆಯಿಂದ ಹಲ್ಲುಗಳನ್ನು ಒಂದು ಸುತ್ತು ಮುಟ್ಟಿ ನೋಡಿದರು.

"ಅತ್ತಿಗೆ, ಸ್ವಲ್ಪ ಟೀ ಇದ್ರೆ ಕೊಡ್ತೀಯಾ?"

ಎಲ್ಲೂ ಗಾಳಿ ಸೋರಲಿಲ್ಲ.